ಅಳಿಸಿದ ಮೇಲೂ ಉಳಿದ ನವಿಲು

"ಮುಟ್ಟಬ್ಯಾಡಿ ಸಾಹೇಬ್ರೇ. ಒಸಿ ಹಂಗೇ ಇರ್ಲಿ," ಎಂದರು ಗಿರಿಜಾಂಬ. ಕೀಲಿಮಣೆಯ ಕಡೆಗೆ ಹೊರಟಿದ್ದ ವಹಾಬ್ ಸಾಹೇಬರ ಬೆರಳು ಅರ್ಧ ದಾರಿಯಲ್ಲೇ ನಿಂತಿತು.

ಪರದೆಯ ತುಂಬ ಒಂದು ಮರದ ನವಿಲು ನಿಂತಿತ್ತು. ನೀಲಿ ಅರಗಿನ ಕೊರಳು, ಹಸಿರು ಅರಗಿನ ಬೆನ್ನು, ಹಿಂದೆ ಬೀಸಣಿಗೆಯಂತೆ ಬಿಚ್ಚಿಕೊಂಡ ತೆಳುಮರದ ಗರಿಗಳು. ಚಕ್ರದ ಮೇಲೆ ಎಳೆದರೆ ಗರಿ ಬಿಚ್ಚುವ, ನಿಲ್ಲಿಸಿದರೆ ಮುಚ್ಚುವ ನವಿಲು. ಚನ್ನಪಟ್ಟಣದಲ್ಲಿ ಅಂಥದ್ದನ್ನು ಹಿಂದೆ ಯಾರೂ ಕಡೆದಿರಲಿಲ್ಲ.

ಅದು ಮೊದಲು ಹುಟ್ಟಿದ್ದು ವಹಾಬರ ಕಾರ್ಖಾನೆಯಲ್ಲೋ, ಅವರಲ್ಲೇ ಕೆಲಸ ಕಲಿತು ಹೊರಟುಹೋದ ಬೈರಾಪಟ್ಟಣದ ಇದ್ರೀಸನ ಮನೆಯಲ್ಲೋ ಎಂಬುದನ್ನು ಬೊಂಬೆ ಕಸುಬಿನವರ ಸಂಘ ನಾಳೆ ಬೆಳಿಗ್ಗೆ ತೀರ್ಮಾನಿಸಬೇಕಿತ್ತು. ಸೋತವರು ಆ ನವಿಲನ್ನು ಮತ್ತೆ ಕಡೆಯುವಂತಿಲ್ಲ. ವಹಾಬರಿಗಿದ್ದ ಸಾಕ್ಷಿ ಒಂದೇ: ನವಿಲು ತಯಾರಾಗುತ್ತಿದ್ದಾಗ ಅವರ ತಂಗಿ ಮುನ್ನೀ ತೆಗೆದಿದ್ದ, ತಾರೀಕುಳ್ಳ ಫೋಟೋಗಳು. ಅವು ಈ ಕಂಪ್ಯೂಟರಿನಲ್ಲಿದ್ದವು. ಕಂಪ್ಯೂಟರು ರಾಮನಗರದ ದಯಾನಂದನ ಅಂಗಡಿಗೆ ಹೋಗಿ, ಹೊಸ ವಿಂಡೋಸ್ ಹಾಕಿಸಿಕೊಂಡು ಮರಳಿದಾಗ ಆ ಫೋಟೋಗಳು ಇರಲಿಲ್ಲ.

"ಎಲ್ಲಾ ಹೋಗಿ ಇದೊಂದು ಉಳ್ಕಂಡೈತೆ ಮೇಡಮ್ಮೋರೆ. ಇದನ್ನಾದ್ರೂ ಪ್ರಿಂಟ್ ತೆಗ್ದು ಸಂಘಕ್ಕೆ ತೋರ್ಸಾಣ ಅಂತ," ಎಂದರು ವಹಾಬ್.

"ಇದ್ರ ತಾರೀಕು ನೋಡಿದ್ರಾ?"

ವಹಾಬ್ ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು. ಪರದೆಯ ಹಿನ್ನೆಲೆಗೆಂದು ಹಾಕಿದ್ದ ಆ ಪ್ರತಿಗೆ, ಕಂಪ್ಯೂಟರು ದಯಾನಂದನ ಅಂಗಡಿಯಲ್ಲಿದ್ದ ದಿನದ ತಾರೀಕು ಬಿದ್ದಿತ್ತು.

"ಇದನ್ನ ತೋರಿಸಿದ್ರೆ, ಇದ್ರೀಸನ ನವಿಲು ನೋಡಿ ನೀವು ಮೊನ್ನೆ ಮೊನ್ನೆ ಫೋಟೋ ಹೊಡ್ಕಂಡ್ರಿ ಅಂತಾರೆ. ಅವನ ಕೈಗೆ ನೀವೇ ಉಳಿ ಕೊಟ್ಟಂಗೆ."

ಗಿರಿಜಾಂಬ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತರಾದವರು. ಊರು ಮಾಗಡಿ. ಪೊಲೀಸು ಠಾಣೆಗೆ ಒಯ್ಯಲು ಮನಸ್ಸಿಲ್ಲದ, ಹಾಗೆಂದು ಮರೆತುಬಿಡಲೂ ಆಗದ ತೊಡಕುಗಳನ್ನು ಜನ ಅವರ ಬಳಿಗೆ ಒಯ್ಯುತ್ತಿದ್ದರು. ಈ ವಯಸ್ಸಿನಲ್ಲಿ ಅವರಿಗೆ ಅವಸರವೆಂಬುದು ಉಳಿದಿರಲಿಲ್ಲ. ಅರಗು ಕಾಯುವ ಸಿಹಿ ವಾಸನೆ, ಪಕ್ಕದ ಕೋಣೆಯ ಲೇತ್‌ಗಳ ಗುಂಯ್‌ಗುಟ್ಟುವಿಕೆ, ಕಿಟಕಿಯಿಂದ ಬೀಳುವ ಎಳೆಬಿಸಿಲು. ಇಂಥ ಜಾಗದಲ್ಲಿ ಕುಳಿತು ಯೋಚಿಸಲು ಕರೆದಿದ್ದಾರಲ್ಲ ಎಂಬ ತೃಪ್ತಿಯಲ್ಲಿ ಅವರು ಕುರ್ಚಿಗೆ ಒರಗಿದರು.

"ದಯಾನಂದ ಇದಕ್ಕೆ ಏನು ಮಾಡ್ದೆ ಅಂದ?"

"ಅಪ್‌ಗ್ರೇಡ್ ಅಷ್ಟೇ ಅಂದ. ಅಳಿಸಿ ಹಾಕಿಲ್ಲ ಅಂದ. ಎರಡಕ್ಕೂ ಏನಪ್ಪ ಫರಕು ಅಂತ ಕೇಳಿದ್ದಕ್ಕೆ ಏನೇನೋ ಹೇಳ್ದ, ನಾನು ನಮ್ಮ ಕಸುಬಿಗೆ ಇಟ್ಟು ತಿಳ್ಕಂಡೆ. ಅಪ್‌ಗ್ರೇಡ್ ಅಂದ್ರೆ ಹಳೇ ಅರಗಿನ ಮೇಲೇ ಹೊಸ ಅರಗು ಹಿಡಿಸೋದು. ಕ್ಲೀನ್ ಇನ್‌ಸ್ಟಾಲ್ ಅಂದ್ರೆ ಉಳಿ ಕೊಟ್ಟು, ಮರ ಕಾಣೋವರ್ಗೂ ಕೆರ್ದು, ಆಮೇಲೆ ಬಣ್ಣ ಕೊಡೋದು. ಸರಿ ತಾನೇ?"

"ನನಗಿಂತ ಚೆನ್ನಾಗಿ ತಿಳ್ಕಂಡಿದೀರಿ. ಹಳೇ ಅರಗಿನ ಮೇಲೆ ಹೊಸದು ಹಿಡಿಸಿದ್ರೆ ನೋಡಿದ್ ಕೂಡ್ಲೇ ನಿಮಗೆ ಗೊತ್ತಾಯ್ತದಾ?"

"ಆಗ್ದೆ ಏನು. ಬೊಂಬೆ ಮೈಮೇಲೆ ಗೆರೆ ಕೊರ್ದಿರ್ತೀವಲ್ಲ, ಆ ಸಂದಿಯಾಗೆ ಹಳೇ ಬಣ್ಣ ಇಣುಕ್ತಿರ್ತದೆ. ಕೆರ್ದಿದ್ರೆ ಸಂದಿನೂ ಹೊಸಾದೇ."

"ಹಂಗಾರೆ ಇದ್ರ ಸಂದಿ ನೋಡಾಣ."

ಗಿರಿಜಾಂಬ ಕಂಪ್ಯೂಟರಿನ ಎರಡನೆಯ ಭಾಗವನ್ನು, ಅಂದರೆ ಡಿ ಡ್ರೈವನ್ನು, ಪರದೆಯ ಮೇಲೆ ತೆರೆದರು. ಎಲ್ಲರಂತೆ ವಹಾಬರೂ ದಿನದ ಬಳಕೆಯದನ್ನೆಲ್ಲ ಕಣ್ಣೆದುರಿಗೇ ಇರಲೆಂದು ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿದ್ದರು. ಫೋಟೋಗಳೂ ಅಲ್ಲೇ ಇದ್ದವು. ವಿಂಡೋಸ್ ಕೂತಿರುವ ಭಾಗವನ್ನು ಒರೆಸಿದರೆ ಡೆಸ್ಕ್‌ಟಾಪೂ ಅದರೊಡನೆ ಒರೆಸಿಹೋಗುತ್ತದೆ. ಎರಡನೆಯ ಭಾಗಕ್ಕೆ ಆ ಅಪಾಯವಿಲ್ಲ. ಅಲ್ಲಿ ಬೊಂಬೆಯ ಪೆಟ್ಟಿಗೆಗಳಿಗೆ ಅಂಟಿಸುವ ಹಳೆಯ ಕನ್ನಡ ಚೀಟಿಗಳು ಬೆಚ್ಚಗೆ ಮಲಗಿದ್ದವು. ಒಂದನ್ನು ತೆರೆದರು.

ಕನ್ನಡವಿರಲಿಲ್ಲ. ತಲೆಯ ಮೇಲೆ ಚುಕ್ಕಿ, ಕೊಂಬು, ಬಾಲಗಳನ್ನು ಹೊತ್ತ ಪರದೇಶಿ ಅಕ್ಷರಗಳ ರಾಶಿ ಅಲ್ಲಿ ಬಿದ್ದಿತ್ತು.

"ಅಯ್ಯೋ, ಇದೇನಿದು. ಹೋದ ತಿಂಗಳು ಕೂಡ ಇದನ್ನ ಪ್ರಿಂಟ್ ತೆಗ್ದಿವ್ನಿ," ಎಂದರು ವಹಾಬ್.

"ಇದನ್ನ ಟೈಪ್ ಮಾಡಿದ್ದು ಯಾವಾಗ?"

"ಮುನ್ನೀ ಸ್ಕೂಲಿಗೆ ಹೋಗೋ ಕಾಲದಾಗೆ. ಆಗ ಡಿಟಿಪಿ ಮಾಡೋರು ಒಬ್ರು ಬಂದು ಅವರದೇ ಒಂದು ಕನ್ನಡ ಹಾಕಿಕೊಟ್ಟಿದ್ರು. ಈಗ ಅವರೂ ಇಲ್ಲ, ಆ ಸೀಡಿನೂ ಇಲ್ಲ."

ಗಿರಿಜಾಂಬ ತಲೆದೂಗಿದರು. ತಮ್ಮ ಇಲಾಖೆಯಲ್ಲಿ ಒಮ್ಮೆ ಕಂಪ್ಯೂಟರುಗಳನ್ನೆಲ್ಲ ಒರೆಸಿ ಹೊಸದಾಗಿ ಕಟ್ಟಿದಾಗ ಹಳೆಯ ವರದಿಗಳೆಲ್ಲ ಇದೇ ವೇಷ ತೊಟ್ಟು ನಿಂತದ್ದು ಅವರಿಗೆ ನೆನಪಿತ್ತು. ಹಳೆಯ ಕಾಲದ ಕನ್ನಡ ಕಡತವನ್ನು ಓದಬೇಕಾದರೆ, ಅದನ್ನು ಬರೆದ ಅಕ್ಷರಗಳ ಫಾಂಟು ಅದೇ ಕಂಪ್ಯೂಟರಿನಲ್ಲಿರಬೇಕು. ಅಪ್‌ಗ್ರೇಡ್ ಮಾಡಿದರೆ ಫಾಂಟು, ಪ್ರಿಂಟರು, ಫೋಟೋ ಎಲ್ಲವೂ ಇದ್ದಲ್ಲೇ ಇರುತ್ತವೆ. ಒರೆಸಿ ಕಟ್ಟಿದರೆ ಯಾವುದೂ ಇರುವುದಿಲ್ಲ.

"ಸಂದಿಯಾಗೆ ಹಳೇ ಬಣ್ಣ ಇಲ್ಲ ಸಾಹೇಬ್ರೇ. ಮರ ಕಾಣೋವರ್ಗೂ ಕೆರ್ದವ್ನೆ."

"ಅಂದ್ರೆ ನನ್ನ ಮುಖಕ್ಕೇ ಸುಳ್ಳು ಹೇಳ್ದ ಆ ಬಡ್ಡೀಮಗ."

"ಬೈಯೋದಕ್ಕೆ ಅವಸರ ಬ್ಯಾಡ. ಮರ ಕಾಣೋ ಹಂಗೆ ಕೆರ್ದ ಮೇಲೆ ಈ ನವಿಲು ಎಲ್ಲಿಂದ ಬಂತು, ಅದನ್ನ ಹೇಳಿ. ಈ ಫೋಟೋ ಬೇರೆ ಯಾರ ತಾವೈತೆ?"

"ಯಾರ ತಾವೂ ಇಲ್ಲ. ನಕಲು ಹೊಡೀತಾರೆ ಅಂತ ಯಾರಿಗೂ ಕಳಿಸ್ಲಿಲ್ಲ. ತೆಗೆದ ಫೋನು ಮುನ್ನೀದು, ಅದು ನೀರಿಗೆ ಬಿದ್ದು ಹಾಳಾಗೋಯ್ತು."

ಅಷ್ಟರಲ್ಲಿ ಮುನ್ನೀಯೇ ಒಳಗೆ ಬಂದಳು. ಪೇಟೆಯಲ್ಲಿ ಈ ಪ್ರಸಂಗ ಹೇಳುವವರು ಅವಳ ಕೈಯಲ್ಲಿ ಚಹಾ ಇತ್ತೆನ್ನುತ್ತಾರೆ. ಅಕ್ಕೂರಿನ ಕಡೆಯವರು ಕಾಫಿಯೆನ್ನುತ್ತಾರೆ. ಆದರೆ ಅವಳು ಗುನುಗುತ್ತ ಬಂದಳೆಂಬುದರಲ್ಲಿ ಎರಡು ಕಡೆಯವರಿಗೂ ಒಮ್ಮತವಿದೆ.

"ಕುಡೀರಿ ಅಕ್ಕ. ನಮ್ ಭಾಯ್ ನಿಮ್ಮ ತಲೆ ತಿಂದ್ಬುಟ್ಟಿರ್ತಾರೆ."

"ತಿನ್ನೋಕೆ ಇಲ್ಲೇನೂ ಉಳಿದಿಲ್ಲ ಬಿಡು ತಾಯಿ. ನಿನ್ನ ನವಿಲಿನ ಫೋಟೋ ಕಳೆದೋದ್ವಲ್ಲ, ಬೇಜಾರಿಲ್ವಾ?"

ಮುನ್ನೀ ಲೋಟವನ್ನು ಅವರ ಕೈಗಿತ್ತಳು. ಅವಳ ಉಗುರುಗಳ ಸಂದಿಯಲ್ಲಿ ಹಳದಿ ಅರಗು ಕೂತಿತ್ತು. "ಹೋದ್ದು ಹೋಯ್ತು. ಕೈ ಇದ್ರೆ ಇನ್ನೊಂದು ಬೊಂಬೆ. ನಾಳೆ ಇದ್ರೀಸ್ ಹೆಸರಿಗೇ ಆಗೋಗ್ಲಿ, ಏನಿವಾಗ?"

"ಕೇಳಿದ್ರಾ ಮಾತು?" ಎಂದರು ವಹಾಬ್. "ಕಳ್ಳನಿಗೆ ಚಾಪೆ ಹಾಸಿ ಕೊಡ್ತಾಳಂತೆ. ನವಿಲಿನ ಮೈ ಒಂದೇ ತುಂಡು ಆಲೆ ಮರದಾಗೆ ಕಡೆಯೋದು ಅಂದ್ರೆ ಹುಡುಗಾಟ ಅಲ್ಲ ಮೇಡಮ್ಮೋರೆ. ಈ ಒಂದು ನವಿಲು ನಂಬ್ಕಂಡು ನಮ್ಮ ಅಷ್ಟೂ ಲೇತು ತಿರುಗ್ತಾ ಅವೆ."

ಮುನ್ನೀ ಖಾಲಿ ತಟ್ಟೆಯನ್ನು ಎತ್ತಿಕೊಂಡು ಹೋದಳು. ಗುನುಗು ಬಾಗಿಲಿನಾಚೆಗೂ ಮುಂದುವರಿಯಿತು.

ಗಿರಿಜಾಂಬ ಆ ವಿಕಾರ ಅಕ್ಷರಗಳ ಚೀಟಿಯನ್ನು ತಮ್ಮ ಮೊಬೈಲಿನಲ್ಲಿ ಸೆರೆಹಿಡಿದು ಎದ್ದರು. "ಸಾಹೇಬ್ರೇ, ಒಂದು ಸಮಾಧಾನದ ಮಾತು ಹೇಳ್ತೀನಿ. ಒರೆಸಿದ ಮೇಲೂ ನವಿಲು ಬಂದು ಕೂತೈತೆ ಅಂದ್ರೆ, ಒರೆಸೋಕೆ ಮುಂಚೆ ಯಾರೋ ಅದನ್ನ ಎತ್ತಿಟ್ಕಂಡವ್ರೆ. ಒಂದನ್ನ ಎತ್ತಿಟ್ಟೋರು ಉಳಿದದ್ದನ್ನ ಬಿಡ್ತಾರಾ? ರಾಮನಗರಕ್ಕೆ ಹೋಗಿ ಬತ್ತೀನಿ."

*

ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಹಿಪ್ಪುನೇರಳೆ ತೋಟಗಳು ಹಿಂದಕ್ಕೆ ಸರಿದು, ಬಂಡೆಬೆಟ್ಟಗಳು ಒಂದೊಂದಾಗಿ ಎದ್ದು ನಿಂತವು. ಎದುರು ಸೀಟಿನ ರೈತ ರೇಷ್ಮೆಗೂಡಿನ ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದ. ಗಿರಿಜಾಂಬರಿಗೆ ಪ್ರಯಾಣ ಸುಖವಾಗಿತ್ತು. ಪ್ರಶ್ನೆಯೊಂದೇ ಸುಖ ಕೊಡುತ್ತಿರಲಿಲ್ಲ. ಸಾಕ್ಷಿಯನ್ನು ನಾಶಮಾಡಬೇಕೆಂದು ಬಂದವನು, ಅದೇ ಸಾಕ್ಷಿಯ ಒಂದು ಚಿತ್ರವನ್ನು ಪರದೆಯ ಮೇಲೆ ತಾನೇ ತೂಗುಹಾಕುವುದೇಕೆ?

ದಯಾನಂದನ ಅಂಗಡಿ ಬಸ್ ನಿಲ್ದಾಣದಿಂದ ಕೂಗಳತೆಯ ದೂರ. ಹೊಟ್ಟೆ ಬಿಚ್ಚಿಸಿಕೊಂಡ ಕಂಪ್ಯೂಟರುಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು. ಕೈಲಾಂಚದಿಂದ ದಿನಾ ಬೈಕಿನಲ್ಲಿ ಬರುವ ಈ ನಡುವಯಸ್ಸಿನ ಮನುಷ್ಯ, ಬರುವಾಗ ಮನೆಯ ಹಾಲನ್ನು ಡೈರಿಗೆ ಹಾಕಿ ಬರುತ್ತಿದ್ದ. ಹಾಗಾಗಿ ಅಂಗಡಿಯಲ್ಲಿ ಸೋಲ್ಡರಿನ ಹೊಗೆಯ ಜೊತೆಗೆ ಹಾಲಿನ ಕ್ಯಾನಿನ ವಾಸನೆಯೂ ಇರುತ್ತಿತ್ತು.

"ಬನ್ನಿ ಅಮ್ಮ, ಕೂತ್ಕಳಿ. ಲ್ಯಾಪ್‌ಟಾಪಾ? ಮೊಮ್ಮಕ್ಕಳು ನೀರು ಚೆಲ್ಲಿದ್ರಾ?"

"ನೀರು ಚೆಲ್ಲಿದ್ದಲ್ಲಪ್ಪ, ಒರೆಸಿದ್ದು. ಚನ್ನಪಟ್ಟಣದ ವಹಾಬ್ ಸಾಹೇಬರ ಕಂಪ್ಯೂಟರಿಗೆ ಏನು ಮಾಡ್ದೆ ಅಂತ ಕೇಳ್ಕಂಡು ಹೋಗಾಕೆ ಬಂದೆ."

ದಯಾನಂದ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಕೆಳಗಿಟ್ಟ. "ಅಪ್‌ಗ್ರೇಡ್ ಕಣಮ್ಮ. ವಿಂಡೋಸ್ ಹತ್ತಕ್ಕೆ ಇನ್ಮೇಲೆ ಸಪೋರ್ಟ್ ಇಲ್ವಲ್ಲ, ಹನ್ನೊಂದು ಮಾಡಿಕೊಟ್ಟೆ. ವಾಲ್‌ಪೇಪರ್ ನೋಡ್ಲಿಲ್ವಾ ನೀವು? ನವಿಲು ನಿಂತಂಗೇ ನಿಂತೈತೆ. ಕ್ಲೀನ್ ಇನ್‌ಸ್ಟಾಲ್ ಮಾಡಿದ್ರೆ ನವಿಲು ಇರ್ತಿತ್ತಾ?"

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಫೋಟೋ ಯಾಕೆ ಇಲ್ಲ?"

"ಅಪ್‌ಗ್ರೇಡ್ ಆಗೋವಾಗ ಹಳೇದನ್ನೆಲ್ಲ ಒಂದು ಫೋಲ್ಡರಿಗೆ ಗಂಟು ಕಟ್ಟಿ ಇಟ್ಟಿರ್ತದೆ. ಮನಸ್ಸು ಬದಲಾದ್ರೆ ವಾಪಸ್ ಹೋಗ್ಬೋದು ಅಂತ. ಒಸಿ ದಿನ ಆದ್ಮೇಲೆ ಆ ಗಂಟು ತಾನೇ ಅಳಿಸಿ ಹೋಯ್ತದೆ. ಫೋಟೋನೂ ಅದ್ರಾಗೆ ಹೋಗಿರ್ಬೇಕು."

"ಆ ಗಂಟಿನಾಗೆ ಇರೋದು ಹಳೇ ವಿಂಡೋಸು. ಮನೆಯವರ ಫೋಟೋನ ಅದು ಯಾಕೆ ಹೊತ್ಕಂಡು ಹೋಯ್ತದೆ? ಅವು ಇದ್ದಲ್ಲೇ ಇರ್ಲಿ ಅಂತಾನೆ ತಾನೇ ಜನ ಅಪ್‌ಗ್ರೇಡ್ ಮಾಡ್ಸೋದು?"

ದಯಾನಂದ ನಕ್ಕ. ನಗು ತುಟಿಯಿಂದ ಮೇಲಕ್ಕೇರಲಿಲ್ಲ. "ಕೆಲವು ಸಲ ಹಂಗೂ ಆಯ್ತದೆ ಅಮ್ಮ. ಮಿಷನ್ನು ಅಂದ್ಮೇಲೆ."

"ಆಯ್ತು ಬಿಡು. ಇದೊಂದು ನೋಡು, ಇದಕ್ಕೇನು ರೋಗ ಬಂತು ಹೇಳು." ಅವರು ಮೊಬೈಲನ್ನು ಅವನ ಮುಂದೆ ಹಿಡಿದರು.

ಕಸುಬಿನವನಿಗೆ ಕಸುಬಿನ ಪ್ರಶ್ನೆ ಕೇಳಿದರೆ ಅವನು ಉಳಿದದ್ದೆಲ್ಲ ಮರೆಯುತ್ತಾನೆ. ದಯಾನಂದ ಹುಬ್ಬು ಗಂಟಿಕ್ಕಿ ಚಿತ್ರವನ್ನು ಹಿಗ್ಗಿಸಿ ನೋಡಿದ.

"ಕನ್ನಡ ಫಾಂಟ್ ಇಲ್ಲ ಅಷ್ಟೇ. ಆದ್ರೆ ಇದು ಹೆಂಗೆ, ನಾನು ನುಡಿ ಫಾಂಟ್ ಹಾಕಿದ್ನಲ್ಲ. ಓ, ಇದು ಅದಕ್ಕಿಂತ ಹಳೇದು. ಇದಕ್ಕೆ ಬೇರೆ..."

ಅವನು ಮೊಬೈಲಿನಿಂದ ತಟ್ಟನೆ ಕೈ ತೆಗೆದ.

"ನುಡಿ ಹಾಕ್ದೆ," ಎಂದರು ಗಿರಿಜಾಂಬ. ಅವರ ದನಿಯಲ್ಲಿ ಗೆದ್ದ ಸದ್ದಿರಲಿಲ್ಲ. "ಅಪ್‌ಗ್ರೇಡ್ ಮಾಡಿದ್ರೆ ಇದ್ದ ನುಡಿ ಇದ್ದಂಗೇ ಇರ್ತಿತ್ತಲ್ಲಪ್ಪ. ಮತ್ತೆ ಯಾಕೆ ಹಾಕ್ದೆ?"

ದಯಾನಂದ ಬಾಗಿಲ ಕಡೆ ನೋಡಿದ, ಗೋಡೆಯ ಕಂಪ್ಯೂಟರುಗಳ ಕಡೆ ನೋಡಿದ. ಕಡೆಗೆ ಕುರ್ಚಿಯನ್ನು ಎಳೆದುಕೊಂಡು ಅವರೆದುರು ಕುಳಿತ.

"ಕಾಫಿ ತರುಸ್ಲಾ ಅಮ್ಮ?"

"ತರುಸು. ಸಕ್ಕರೆ ಕಮ್ಮಿ."

ಕಾಫಿ ಬಂತು. ಸಂತೆಗೆ ಹೋಗಿ ಬಂದವನು ಚೀಲ ಇಳಿಸುವಂತೆ ದಯಾನಂದ ಮಾತನ್ನು ಒಂದೊಂದಾಗಿ ಇಳಿಸಿದ.

"ಕ್ಲೀನ್ ಇನ್‌ಸ್ಟಾಲೇ ಮಾಡಿದ್ದು. ವಾಲ್‌ಪೇಪರು ನನ್ನ ಅಭ್ಯಾಸ ಅಮ್ಮ. ಒಳಗೇನಾಗೈತೆ ಅಂತ ಗಿರಾಕಿಗೆ ಬೇಕಿಲ್ಲ. ಮುಂದೆ ಅವರ ಮಗೀನ ಮುಖನೋ, ಮನೆದೇವರೋ ಇದ್ದಂಗೇ ಇದ್ರೆ, ನಮ್ದೇ ಕಂಪ್ಯೂಟರು ಅಂತ ಖುಷಿಯಾಗಿ ಎತ್ಕಂಡೋಯ್ತಾರೆ. ಅದಿಲ್ದಿದ್ರೆ, ಇವ್ನು ನಮ್ಮ ಸಾಮಾನು ಬದಲಾಯ್ಸ್‌ಬುಟ್ಟ ಅಂತ ಬೀದೀಲಿ ಜಗಳ. ಒಂದು ಸಲ ಮರಳವಾಡಿಯೋರು ಒಬ್ರು ಲಗ್ನಪತ್ರಿಕೆ ಫೋಟೋ ಕಾಣ್ಲಿಲ್ಲ ಅಂತ ನೆಂಟರನ್ನೆಲ್ಲ ಕರ್ಕಂಬಂದಿದ್ರು. ಅವತ್ತಿಂದ, ಕೈಕಾಲು ಬಿದ್ದೋದ್ರೂ ಮುಖ ಮಾತ್ರ ವಾಪಸ್ ಕೂರುಸ್ತೀನಿ."

ಗಿರಿಜಾಂಬರಿಗೆ ನಗು ಬಂತು. ಬಸ್ಸಿನುದ್ದಕ್ಕೂ ಕಾಡಿದ್ದ ಪ್ರಶ್ನೆಗೆ ಯಾವ ಸಂಚೂ ಬೇಕಿರಲಿಲ್ಲ. ಅಂಗಡಿಯವನ ರೂಢಿಯೊಂದೇ ಸಾಕಾಗಿತ್ತು. ಅವರು ಲೋಟವನ್ನು ಕೆಳಗಿಟ್ಟು ಮುಂದಕ್ಕೆ ಬಾಗಿದರು.

"ಒರೆಸು ಅಂತ ನಿನಗೆ ಹೇಳಿದೋರು ಯಾರು? ಬೈರಾಪಟ್ಟಣದ ಇದ್ರೀಸಾ?"

"ಇದ್ರೀಸ್ ಯಾರು ಅಂತಾನೇ ನನಗೆ ಗೊತ್ತಿಲ್ಲ ಅಮ್ಮ. ಬೆಳಿಗ್ಗೆ ಸಾಹೇಬ್ರು ಆಟೋದಲ್ಲಿ ಕಂಪ್ಯೂಟರ್ ಕಳಿಸಿದ್ರು, ಅಪ್‌ಗ್ರೇಡ್ ಮಾಡು ಅಂತ ಫೋನ್ ಮಾಡಿದ್ರು. ಮಧ್ಯಾಹ್ನ ಅವರ ತಂಗಿ ಬಂದ್ರು, ಮುನ್ನಕ್ಕ. ನೀವು ಕೂತಿರೋ ಚೇರ್ನಾಗೇ ಕೂತ್ಕಂಡಿದ್ರು. 'ಏನೂ ಉಳಿಸ್ಬ್ಯಾಡಿ ಅಣ್ಣ, ಪೂರ್ತಿ ಒರೆಸ್ಬುಡಿ, ನಮ್ ಭಾಯ್‌ಗೆ ಮಾತ್ರ ಅಪ್‌ಗ್ರೇಡ್ ಅಂತ ಹೇಳಿ' ಅಂದ್ರು. ಮನೆಯೋರೇ ಹೇಳಿದ್ಮೇಲೆ ನಾನ್ಯಾರು ಕೇಳಾಕೆ?"

ಹೊರಗೆ ಬಸ್ಸೊಂದು ಹಾರನ್ನು ಬಾರಿಸುತ್ತ ಹೋಯಿತು. ತನ್ನ ನವಿಲಿಗಿದ್ದ ಒಂದೇ ಸಾಕ್ಷಿಯನ್ನು ಮುನ್ನೀ ತಾನೇ ಬಸ್ಸು ಹತ್ತಿ ಬಂದು ಒರೆಸಿಸಿದ್ದಳು.

"ಒರೆಸೋಕೆ ಮುಂಚೆ ವಾಲ್‌ಪೇಪರ್ ಒಂದನ್ನೇ ಎತ್ತಿಟ್ಕಂಡ್ಯಾ?"

ದಯಾನಂದ ಕತ್ತು ಕೆರೆದುಕೊಂಡ. "ಎಲ್ಲಾನೂ. ಅವರು ಬ್ಯಾಡ ಅಂದ್ರು, ನಿಜ. ಆದ್ರೆ ಇವತ್ತು ಬ್ಯಾಡ ಅಂದೋರೇ ನಾಳೆ ಬಂದು ಅಳ್ತಾರೆ ಅಮ್ಮ, ನೋಡಿವ್ನಿ. ಅದಕ್ಕೇ ಒಸಿ ದಿನ ಇಟ್ಕಂಡಿರ್ತೀನಿ."

ಅವನು ಮೇಜಿನ ಕೆಳಗಿನಿಂದ ಒಂದು ಹಾರ್ಡ್‌ಡಿಸ್ಕನ್ನು ತೆಗೆದು ಜೋಡಿಸಿದ. ಪರದೆಯ ಮೇಲೆ ಫೋಟೋಗಳು ಸಾಲುಗಟ್ಟಿದವು. ತಾರೀಕುಗಳು ಹಳೆಯವು, ಇದ್ರೀಸ್ ಕಾರ್ಖಾನೆ ಬಿಡುವುದಕ್ಕಿಂತ ಎಷ್ಟೋ ಹಿಂದಿನವು. ನಾಳೆ ಬೆಳಿಗ್ಗೆ ಸಂಘದ ಹಿರಿಯರ ಮುಂದಿಟ್ಟರೆ ವಹಾಬರ ಗೆಲುವು ಖಂಡಿತ. ಗಿರಿಜಾಂಬರಿಗೆ ಮೈ ಹಗುರವಾದಂತಾಯಿತು.

ಬಣ್ಣ ಕಾಣದ ಆಲೆ ಮರದ ಕೊರಳು. ಲೇತಿನ ಮೇಲೆ ತಿರುಗುವ ನವಿಲಿನ ಮೈಗೆ ಒತ್ತಿದ ನೀಲಿ ಅರಗಿನ ಕಡ್ಡಿ. ಗರಿಗಳು. ಚಕ್ರಗಳು. ಆಮೇಲೆ ಪರದೆಯ ಮೇಲೆ ನೋಡಿದ್ದ ಅದೇ ನವಿಲು.

"ಕೊನೇದು ತೆಗಿಯಪ್ಪ."

ಕೊನೆಯ ಫೋಟೋದಲ್ಲಿ, ಗಿರಿಜಾಂಬರಿಗೆ ಮುಖಪರಿಚಯವಿದ್ದ ಇದ್ರೀಸ್ ಚಾಪೆಯ ಮೇಲೆ ಕುಳಿತಿದ್ದ. ಎದುರಿಗೆ ಕುಳಿತು ಫೋಟೋ ತೆಗೆಯುತ್ತಿದ್ದ ಮುನ್ನೀಯ ಕಡೆ ನೋಡಿ ನಗುತ್ತಿದ್ದ. ಅವನ ಎರಡು ಕೈಗಳಲ್ಲಿ ನವಿಲಿನ ಮೈ ಎರಡು ಹೋಳಾಗಿತ್ತು. ಅದು ಮುರಿದದ್ದಲ್ಲ. ಡಬ್ಬಿಯ ಮುಚ್ಚಳದಂತೆ, ಕೊರಳ ಕೆಳಗಿನ ನೀಲಿ ಪಟ್ಟಿಯ ಬಳಿ ಅಚ್ಚುಕಟ್ಟಾಗಿ ಬಿಚ್ಚಿಕೊಂಡಿತ್ತು. ಒಂದೇ ತುಂಡು ಮರವೆಂದು ವಹಾಬರು ಹೆಮ್ಮೆಪಡುವ ಆ ಹೊಟ್ಟೆ ಒಳಗೆ ಪೊಳ್ಳಾಗಿತ್ತು. ಒಂದು ಮುಷ್ಟಿ ಏನನ್ನಾದರೂ ಅಡಗಿಸಿ, ಮೇಲೆ ಅರಗು ಹಿಡಿಸಿಬಿಟ್ಟರೆ ಬಿರುಕು ಯಾರ ಕಣ್ಣಿಗೂ ಬೀಳದು.

"ಇಂಥ ಬೊಂಬೆ ನಾನು ನೋಡಿಲ್ಲಪ್ಪ," ಎಂದ ದಯಾನಂದ.

ಗಿರಿಜಾಂಬರ ಫೋನು ಗುನುಗಿತು. ವಹಾಬರ ದನಿ ಸಂತೋಷದಿಂದ ಉಬ್ಬಿತ್ತು.

"ಮೇಡಮ್ಮೋರೆ, ಫೋಟೋ ಸಿಗ್ದಿದ್ರೂ ಚಿಂತೆಯಿಲ್ಲ, ವಾಪಸ್ ಬಂದ್ಬುಡಿ. ಇದ್ರೀಸ್ ತಾನೇ ನಮ್ಮ ಮನೆಗೆ ಬಂದಿದ್ದ. ನವಿಲು ನಂದಲ್ಲ ಚಾಚಾ, ನಿಮ್ದೇ ಅಂ‌ತ ನನ್ನ ಕೈ ಹಿಡ್ಕಂಡು ಹೇಳ್ಬುಟ್ಟ. ಬಿರಿಯಾನಿಗೆ ಹೇಳಿವ್ನಿ. ನಿಮಗೆ ಬೇರೆ ಅಡಿಗೆ, ಮುನ್ನೀ ಮಾಡ್ತಾಳೆ."

"ಮುನ್ನೀ ಏನಂದ್ಲು?"

"ಅದೇ ತಿಳೀತಿಲ್ಲ. ಅವನು ಹಂಗಂದ ತಕ್ಷಣ ಇವಳ ಮುಖ ಬಿಳಿಚ್ಕಂಡೋಯ್ತು. ಒಳಗೆ ಹೋಗಿ ಬಾಗಿಲು ಹಾಕ್ಕಂಡವ್ಳೆ. ಗೆದ್ದೋರು ಹಿಂಗೆ ಮಾಡ್ತಾರಾ?"

ಒಂದು ಬೊಂಬೆಗಾಗಿ ಇಬ್ಬರು ಕಿತ್ತಾಡುವುದನ್ನು ಗಿರಿಜಾಂಬ ಬಹಳ ನೋಡಿದ್ದರು. ಮುನ್ನೀ, ಇದ್ರೀಸರ ಹಾಗೆ ಅದನ್ನು ಕೂಡಿ ಮಾಡಿದ ಇಬ್ಬರೂ, ನನ್ನದಲ್ಲ ನಿನ್ನದೆಂದು ಒಬ್ಬರ ಮಡಿಲಿಗೊಬ್ಬರು ಎಸೆಯುವುದನ್ನು ಈವರೆಗೆ ನೋಡಿರಲಿಲ್ಲ. ಅವರ ಕಣ್ಣು ಪರದೆಯ ಮೇಲಿನ ಪೊಳ್ಳು ಹೊಟ್ಟೆಯಿಂದ ಕದಲಲಿಲ್ಲ.

"ಸಾಹೇಬ್ರೇ, ನನ್ನ ಮಾತು ಕೇಳಿ. ನಾನು ಬರೋವರ್ಗೂ ಯಾವ ಕಾಗದಕ್ಕೂ ಸೈನ್ ಹಾಕಬ್ಯಾಡಿ. ನವಿಲು ಯಾರ ಹೆಸರಲ್ಲಿರ್ತದೋ, ನಾಳೆ ಪೊಲೀಸ್ನೋರು ಬಿಚ್ಚಿದಾಗ ಅದ್ರ ಹೊಟ್ಟೆಯಾಗೆ ಸಿಕ್ಕಿದ್ದಕ್ಕೂ ಅವರೇ ಉತ್ತರ ಹೇಳ್ಬೇಕಾಯ್ತದೆ."

ಆ ಕಡೆ ಲೇತ್‌ಗಳ ಗುಂಯ್ ಸದ್ದು ದೂರವಾಯಿತು; ವಹಾಬರು ಫೋನು ಹಿಡಿದು ಪಕ್ಕಕ್ಕೆ ಸರಿದಿದ್ದರು.

"ಹೊಟ್ಟೆಯಾಗೆ ಏನು ಸಿಗ್ತದೆ ಮೇಡಮ್ಮೋರೆ?" ಎಂದರು ವಹಾಬ್, ದನಿ ತಗ್ಗಿಸಿ. "ನವಿಲು ನಂದೇ ಅಂತ ಅವನು ಬರ್ಕಂಡು ತಂದಿದ್ದ ಕಾಗದಕ್ಕೆ ಸೈನ್ ಆಗ್ಲೇ ಹಾಕ್ಬುಟ್ನಲ್ಲ. ಸಂಘಕ್ಕೆ ನಾನೇ ಮುಟ್ಟಿಸ್ತೀನಿ ಅಂತ ಇದ್ರೀಸ್ ಕಾಗದ ಜೇಬಿಗಿಟ್ಕಂಡು, ಈಗ ತಾನೇ ಗಾಡಿ ಹತ್ತಿ ಹೋದ."